ಎರಡೂ ಉಳಿದದ್ದು ಹೇಗೆ?

ರಸಾಯನಶಾಸ್ತ್ರವನ್ನು ಬೋಧಿಸಿದವರು ಹಲವರಿದ್ದಾರೆ. ವಿದ್ಯಾರ್ಥಿಯೊಡನೆ ತಾವೂ ಗಲಿಬಿಲಿಗೊಂಡು ನಿಲ್ಲುವ ಔದಾರ್ಯವನ್ನು ನಾನು ಕಂಡದ್ದು ನಮ್ಮ ವಿಭಾಗದ ಹಿರಿಯ ಪ್ರಾಧ್ಯಾಪಕಿಯವರಲ್ಲಿ ಮಾತ್ರ. ಏನು ಕೇಳಿದರೂ ಅವರ ಮೊದಲ ಮಾತು ಒಂದೇ ಆದ್ದರಿಂದ ನಮಗೆಲ್ಲ ಅವರು ‘ನೋಡೋಣ ಮೇಡಂ’. ಅವರು ನಿವೃತ್ತರಾಗುತ್ತಿರುವ ಈ ಸಂದರ್ಭದಲ್ಲಿ ಸಂಭ್ರಮಿಸಬೇಕಾದ ನಾನು ತಲೆಬುಡ ತಿಳಿಯದೆ ಕುಳಿತಿದ್ದೇನೆ, ಏಕೆಂದರೆ ಸೋಮವಾರದಿಂದ ಅವರ ಮೊದಲ ವರ್ಷದ ತರಗತಿ ನನ್ನ ಪಾಲಿಗೆ ಬಂದಿದೆ.

ನಾನು ಅವರ ವಿದ್ಯಾರ್ಥಿಯಾಗಿದ್ದಾಗ ಒಂದು ದಿನ ಅವರು ಕಬ್ಬಿಣದ ಲವಣದ ದ್ರಾವಣಕ್ಕೆ ಥಯೋಸಯನೇಟ್ ಎಂಬ ಇನ್ನೊಂದು ಲವಣದ ಬಣ್ಣವಿಲ್ಲದ ದ್ರಾವಣ ಬೆರೆಸಿದರು, ಎರಡೂ ಕೂಡಿ ಕೆಂಪಾಯಿತು. ಅದನ್ನು ನೀರಿನಿಂದ ತಿಳಿಯಾಗಿಸಿ ಮೂರು ಪ್ರನಾಳಗಳಿಗೆ ಹಂಚಿ, ಒಂದನ್ನು ಹೋಲಿಕೆಗೆಂದು ಮುಟ್ಟದೆ ಇಟ್ಟರು. ಎರಡನೆಯದಕ್ಕೆ ಇನ್ನಷ್ಟು ಕಬ್ಬಿಣ ಹಾಕಿದರು, ಕೆಂಪು ಗಾಢವಾಯಿತು. ಮೂರನೆಯದಕ್ಕೆ ಇನ್ನಷ್ಟು ಥಯೋಸಯನೇಟ್ ಹಾಕಿದರು, ಅದೂ ಗಾಢವಾಯಿತು. ಎಲ್ಲರೂ ತಲೆಯಾಡಿಸಿದರು, ನನಗೆ ಮಾತ್ರ ತಲೆ ಗಿರ್ರೆಂದಿತು. ಹೊಸ ಕಬ್ಬಿಣದೊಡನೆ ಕೂಡಲು ಥಯೋಸಯನೇಟ್ ಉಳಿದಿರಬೇಕು, ಹೊಸ ಥಯೋಸಯನೇಟ್‌ನೊಡನೆ ಕೂಡಲು ಕಬ್ಬಿಣ ಉಳಿದಿರಬೇಕು; ಹಾಗಾದರೆ ಪಾತ್ರೆಯಲ್ಲಿ ಎರಡೂ ಉಳಿದಿದ್ದವು. ಉಳಿದಿದ್ದರೆ ಮೊದಲೇ ಏಕೆ ಕೂಡಿಕೊಳ್ಳಲಿಲ್ಲ? ಈ ವಿಷಯ ನನ್ನಂಥವನಿಗಲ್ಲವೆಂದು ಓದನ್ನೇ ಬಿಡಲು ನಿರ್ಧರಿಸಿ ಅವರ ಕೋಣೆಗೆ ಹೋದೆ.

“ಬಿಡೋದು ಆಮೇಲಿರಲಿ, ಏನು ಅರ್ಥ ಆಗ್ಲಿಲ್ಲ ಅದನ್ನ ಹೇಳಪ್ಪ,” ಎಂದರು. ಹೇಳಿದೆ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಅಯ್ಯೋ, ನನ್ನನ್ನ ಯಾರೂ ಹೀಗೆ ಕೇಳಿರ್ಲಿಲ್ಲ. ಬಾ, ನೋಡೋಣ.”

ಆ ಸಂಜೆಯೆಲ್ಲ ಇಬ್ಬರೂ ಪ್ರಯೋಗಾಲಯದಲ್ಲಿ ಪ್ರನಾಳಗಳನ್ನು ಬೆಳಕಿಗೆ ಹಿಡಿದು ನಿಂತೆವು. “ಕೂಡೋದೂ ನಡೀತಿದೆ, ಒಡೆಯೋದೂ ನಡೀತಿದೆ. ಎರಡರ ವೇಗ ಸಮ ಅಷ್ಟೇ, ಯಾವ್ದೂ ನಿಂತಿಲ್ಲ. ಒಂದನ್ನ ಜಾಸ್ತಿ ಹಾಕಿದ್ರೆ ಕೂಡೋ ವೇಗ ಹೆಚ್ಚಿ, ಕೆಂಪು ಇನ್ನಷ್ಟು ಆದ್ಮೇಲೆ ಮತ್ತೆ ಸಮ ಆಗುತ್ತೆ.”

“ಒಂದನ್ನ ತೆಗೆದ್ರೆ, ಮೇಡಂ?”

“ಕೆಂಪು ಒಡೆದು, ತೆಗೆದಿದ್ದನ್ನ ಸ್ವಲ್ಪ ತುಂಬ್ಕೊಳ್ಳುತ್ತೆ. ಪೂರ್ತಿ ತುಂಬಲ್ಲ ಕಣಪ್ಪ.”

ಅಂದು ಎಲ್ಲವೂ ತಿಳಿಯಿತೆಂದಲ್ಲ; ತಿಳಿಯದೆಯೂ ಇರಬಹುದೆಂಬ ಧೈರ್ಯ ಬಂದು ಉಳಿದುಕೊಂಡೆ. ಮುಂದೆ ಇಲ್ಲಿಯೇ ಉಪನ್ಯಾಸಕನಾಗಿ ಮೊದಲ ಪಾಠ ಮಾಡುವಾಗ ನಡುವೆ ನನ್ನ ಬಾಯಿ ಕಟ್ಟಿತು. ಕೊನೆಯ ಬೆಂಚಿನಲ್ಲಿ ಬಂದು ಕುಳಿತಿದ್ದ ಅವರು ಕೈಯೆತ್ತಿ, “ನಂಗೆ ಅರ್ಥ ಆಗ್ಲಿಲ್ಲ ಸರ್, ಮೊದಲಿಂದ ಹೇಳ್ತೀರಾ?” ಎಂದು ಕೇಳಿ ನನ್ನ ಮಾನ ಉಳಿಸಿದರು.

ಈಗ ಅವರ ತರಗತಿಗಳನ್ನು ವಿಭಾಗದ ನಾವೆಲ್ಲ ಹಂಚಿಕೊಂಡಿದ್ದೇವೆ. ನಿನ್ನೆ ನನ್ನದೇ ತರಗತಿಯಲ್ಲಿ ಹುಡುಗಿಯೊಬ್ಬಳ ಪ್ರಶ್ನೆಗೆ ನಾನೂ “ನೋಡೋಣ” ಎಂದುಬಿಟ್ಟೆ, ತರಗತಿಯೆಲ್ಲ ನಕ್ಕಿತು. ಅಂತೂ ಸ್ವಲ್ಪ ತುಂಬಿಕೊಂಡಿದ್ದೇವೆ. ಉಳಿದದ್ದಕ್ಕೆ ಏನು ಮಾಡಬೇಕೋ ನನಗೆ ತೋಚುತ್ತಿಲ್ಲ.

ಮೇಡಂ, ನೂರ್ಕಾಲ ಆರೋಗ್ಯವಾಗಿ ಬಾಳಿ, ನಿಮ್ಮ ಪ್ರನಾಳಗಳಿಗೆ ಬಿಡುವು ಕೊಡಬೇಡಿ. ಸೋಮವಾರ ಕೊನೆಯ ಬೆಂಚಿನಲ್ಲಿ ಒಂದು ಜಾಗ ಖಾಲಿ ಇಟ್ಟಿರುತ್ತೇನೆ. ದಯವಿಟ್ಟು ಬಂದು, ಅರ್ಥವಾಗಲಿಲ್ಲವೆಂದು ಕೈಯೆತ್ತಿ.