ಚರಂಡಿಗೆ ಕಾಲುಚೀಲ ತೊಡಿಸಿದ ಚಿಗುಸಾ

ಕುಜುಮಿ ಮನೆಯವರಿಗೆ ನೆಲ ಕಂಡರೆ ಕೈ ತುರಿಸುತ್ತದೆ ಎಂದು ಊರಿನವರು ಆಡಿಕೊಳ್ಳುತ್ತಿದ್ದುದರಲ್ಲಿ ಸುಳ್ಳೇನೂ ಇರಲಿಲ್ಲ. ಸೆತೊ ಒಳಗಡಲಿನ ದಂಡೆಯ ಆ ಸಣ್ಣ ಬಂದರಿನಲ್ಲಿ ಎಲ್ಲೇ ಒಳಚರಂಡಿ ಒಡೆಯಲಿ, ಗುದ್ದಲಿ ಹೆಗಲಿಗೇರಿಸಿಕೊಂಡು ಬರುತ್ತಿದ್ದವನು ತೊಕುಜಿ ಕುಜುಮಿ. ಹುಡುಗನಾಗಿದ್ದಾಗ ಹಿಡಿದ ಗುದ್ದಲಿಯನ್ನು ಮುದುಕನಾದರೂ ಕೆಳಗಿಟ್ಟವನಲ್ಲ. ಇದ್ದೊಬ್ಬ ಮಗ ಕಾಯಿಲೆಯಲ್ಲಿ ತೀರಿಕೊಂಡಾಗಲೂ ಹದಿನೈದು ದಿನ ಸುಮ್ಮನಿದ್ದು, ಆಮೇಲೆ ಮತ್ತೆ ಅಗೆಯಲು ಹೋದ. ದುಃಖವನ್ನು ಬೇರೆ ಹೇಗೆ ಕಳೆಯಬೇಕೆಂದು ಅವನಿಗೆ ಗೊತ್ತಿರಲಿಲ್ಲ.

ಸೊಸೆ ಚಿಗುಸಾಗೆ ಆ ಮನೆಯ ಕೆಲಸದಲ್ಲಿ ಸಿಕ್ಕಿದ್ದ ಪಾಲು ಒಂದೇ. ಕೆಲಸ ಶುರುವಾಗುವ ಮುಂಚೆ ಬೀದಿಯ ಮನೆಮನೆಗೂ ಹೋಗಿ, ಹೊಸ ಟವೆಲೊಂದನ್ನು ಎರಡೂ ಕೈಯಲ್ಲಿ ನೀಡಿ, ಸೊಂಟ ಬಗ್ಗಿಸಿ, ಧೂಳು ಸದ್ದಿನ ತೊಂದರೆಗೆ ಮೊದಲೇ ಕ್ಷಮೆ ಕೇಳಿ ಬರುವುದು. ಅಗೆಯುವವನು ಮಾವ, ಬೈಗುಳ ತಿನ್ನುವವಳು ಸೊಸೆ. ಹಾಗೇ ವರ್ಷಗಳು ಹೋದವು. ಅಷ್ಟು ಮೆಲ್ಲಗೆ ಮಾತಾಡಿ ಮಾತಾಡಿ ಅವಳ ಗಂಟಲಿಗೆ ಜೋರು ದನಿಯೇ ಮರೆತುಹೋಗಿತ್ತು.

ಅವಳು ಕೊಜಿಮಾ ಕಡೆಯ ಹುಡುಗಿ. ತವರಿನಲ್ಲಿ ಹೆಬ್ಬೆರಳು ಬೇರೆಯಾಗಿ ನಿಲ್ಲುವ ಬಟ್ಟೆಯ ಕಾಲುಚೀಲ ಹೊಲಿಯುತ್ತಿದ್ದರು. ಒಳಮೈ ಹೊರಗಿಟ್ಟು ಹೊಲಿದು, ಕೋಲಿನಿಂದ ತಿವಿದು ಮಗುಚಿದರೆ ಹೊಲಿಗೆಯೆಲ್ಲ ಒಳಗೆ, ನುಣ್ಣನೆಯ ಮೈ ಹೊರಗೆ. ಮಗುಚುವ ಕೆಲಸ ಮನೆಯ ಮಕ್ಕಳದು. ಒಮ್ಮೆ ಪಕ್ಕದ ಪಟ್ಟಣಕ್ಕೆ ಹೋದಾಗ ರಸ್ತೆ ಬದಿ ಜನ ಗುಂಪು ಕಟ್ಟಿದ್ದರು. ಅವಳೂ ಇಣುಕಿದಳು. ಅಂಟುರಾಳದಲ್ಲಿ ನೆನೆಸಿದ ಉದ್ದನೆಯ ಬಟ್ಟೆಯ ಚೀಲವನ್ನು ರಾಳ ಮೊದಲೇ ಗಟ್ಟಿಯಾಗದಂತೆ ಐಸ್ ತುಂಬಿದ ಲಾರಿಯಿಂದ ಎಳೆದು, ಅದರ ಬಾಯಿಯನ್ನು ಮ್ಯಾನ್‌ಹೋಲಿನಲ್ಲಿ ಮಡಚಿ ಬಿಗಿದು, ಗಾಳಿ ಒತ್ತುತ್ತಿದ್ದರು. ಚೀಲ ತನ್ನಷ್ಟಕ್ಕೆ ಒಳಹೊರಗಾಗಿ ಮಗುಚುತ್ತ ಒಡಕು ಕೊಳವೆಯೊಳಗೆ ಓಡಿ, ಸುತ್ತಲೂ ಅಂಟಿಕೊಂಡಿತು. ಆಮೇಲೆ ಅದರೊಳಗೆ ಬಿಸಿ ಹಬೆ ಬಿಟ್ಟರೆ ರಾಳ ಗಟ್ಟಿಯಾಗಿ ಹಳೇ ಕೊಳವೆಯೊಳಗೊಂದು ಹೊಸ ಕೊಳವೆ. ಒಂದು ಹಿಡಿ ಮಣ್ಣು ಅಗೆಯಲಿಲ್ಲ. ಚಿಗುಸಾ ಜನರ ನಡುವೆ ಒಬ್ಬಳೇ ನಕ್ಕುಬಿಟ್ಟಳು. ಇದು ಅವಳು ಆರು ವರ್ಷದವಳಿದ್ದಾಗ ಮಾಡುತ್ತಿದ್ದ ಕೆಲಸ.

ಒಸಾಕಾಗೆ ಹೋಗಿ ಕಲಿತು ಬಂದಳು. ಮಾವನನ್ನು ಕಾಡಿಬೇಡಿ ಹಳೇ ಹಬೆ ಲಾರಿಯೊಂದನ್ನು ಕೊಳ್ಳಿಸಿದಳು. ಮುದುಕ ಊರೆಲ್ಲ ಹೇಳಿಕೊಂಡು ನಕ್ಕ.

"ನಮ್ಮ ಸೊಸೆ ಚರಂಡಿಗೆ ಕಾಲುಚೀಲ ಹಾಕ್ತಾಳಂತೆ. ಪಾಪ, ಅದಕ್ಕೂ ಚಳಿ ಆಗ್ತದಲ್ಲ."

ನಗಲಿ ಬಿಡಿ. ಆದರೆ ಶಿಯೋಮಿ ಓಣಿಯ ಕೊಳವೆ ಬಿರುಕು ಬಿಟ್ಟು ನೆಲ ಕುಸಿಯತೊಡಗಿದಾಗ ನಗು ನಿಂತಿತು. ಆ ಓಣಿಯಲ್ಲಿ ಎರಡು ಸೈಕಲ್ ಎದುರಾದರೆ ಒಬ್ಬರು ಇಳಿದು ನಿಲ್ಲಬೇಕು. ಅಗೆಯುವುದಾದರೆ ಮಸುಎ ಅಜ್ಜಿಯ ಸಾರ್ವಜನಿಕ ಬಿಸಿನೀರಿನ ಸ್ನಾನದಮನೆಯ ಮುಂಗೋಡೆ ಕೆಡವಬೇಕು, ಮತ್ತು ಗೋಡೆ ಕೆಡವಿದ ಮೇಲೆ ಆ ಹಳೇ ಕಟ್ಟಡ ನಿಲ್ಲುತ್ತದೆಂದು ಯಾರೂ ಭರವಸೆ ಕೊಡುವಂತಿರಲಿಲ್ಲ. ನಗರಸಭೆ ಚೀಲದ ಕೆಲಸಕ್ಕೆ ಒಪ್ಪಿತು. ತೊಕುಜಿ ಸೊಸೆಯನ್ನು ಎದುರಿಗೆ ಕೂರಿಸಿಕೊಂಡು ತನ್ನ ಮಾತು ಹೇಳಿದ. ಈ ಒಂದು ಕೆಲಸಕ್ಕೆ ಅವಳೇ ಮೇಸ್ತ್ರಿ. ಗೆದ್ದರೆ ಸರಿ. ಕೆಟ್ಟರೆ ಲಾರಿ ಮಾರುವುದು, ಅವಳು ಟವೆಲ್ ಹಂಚಲು ವಾಪಸು ಹೋಗುವುದು, ಓಣಿಯನ್ನು ಅವನು ಅಗೆಯುವುದು. ಚೀಲ ಸುಕ್ಕಾಗಿ ಒಳಗೇ ಗಟ್ಟಿಯಾದರೆ ಅದನ್ನು ಅಗೆದೇ ತೆಗೆಯಬೇಕೆಂಬುದು ಇಬ್ಬರಿಗೂ ಗೊತ್ತಿತ್ತು.

ಆಗಸ್ಟ್ ತಿಂಗಳು, ಸೆಕೆಯಲ್ಲಿ ಹೆಂಚು ಕೂಡ ಬೆವರುವ ಹಾಗಿತ್ತು. ಹಿಂದಿನ ದಿನ ಚಿಗುಸಾ ತಾನೇ ಮನೆಮನೆಗೆ ಹೋಗಿ ವಿವರಿಸಿದ್ದಳು. ಹಬೆ ಆಡುವಷ್ಟು ಹೊತ್ತು ಅಡುಗೆಮನೆ, ಬಚ್ಚಲು, ಪಾಯಿಖಾನೆ ಎಲ್ಲೂ ನೀರು ಬಿಡಬಾರದು. ಬೇಕಾದ ನೀರು ತೊಟ್ಟಿಯಲ್ಲಿ ತುಂಬಿಟ್ಟುಕೊಳ್ಳಿ. ತಣ್ಣೀರು ಇಳಿದು ಚೀಲದ ಬೆನ್ನಿಗೆ ಸೇರಿದರೆ ಅಲ್ಲಿ ರಾಳ ಹಸಿಯಾಗೇ ಉಳಿದು ಉಬ್ಬುತ್ತದೆ. ಓಣಿಯವರು ತಲೆಯಾಡಿಸಿದರು. ಮಸುಎ ಅಜ್ಜಿ ಸ್ನಾನದಮನೆಗೆ ರಜೆ ಬರೆದು ತೂಗುಹಾಕಿದಳು.

ಚೀಲ ಹೂ ಎತ್ತಿದ ಹಾಗೆ ಒಳಗೆ ಹೋಯಿತು. ಹಬೆ ಲಾರಿ ನಡೆಸುವ ಒಗಿನೊ ಕೊಂಡಿ ಬಿಗಿದು ಹಬೆ ಬಿಟ್ಟ. ಶಾಖಮಾಪಕದ ಮುಳ್ಳು ನಿಧಾನವಾಗಿ ಮೇಲೇರಿತು. ತೊಕುಜಿ ಓಣಿಯ ಕೆಳತುದಿಯಲ್ಲಿ ಮಡಚುವ ಕುರ್ಚಿ ಹಾಕಿಕೊಂಡು, ಕೈಕಟ್ಟಿ, ಮದುವೆಗೆ ಕರೆಯದ ನೆಂಟನ ಮುಖ ಮಾಡಿಕೊಂಡು ಕೂತ. ಚಿಗುಸಾಗೆ ಮೈಯೆಲ್ಲ ಸಂತೋಷ. ಎಲ್ಲ ಮನೆಯ ನಲ್ಲಿಯೂ ಬಂದ್ ಇತ್ತು. ಆ ಮಧ್ಯಾಹ್ನ ಅವಳು ಗೆದ್ದೇಬಿಟ್ಟೆ ಎಂದುಕೊಂಡಳು.

ಅಷ್ಟರಲ್ಲಿ ಮಸುಎ ಅಜ್ಜಿಗೆ ಒಗಿನೊನ ಬೆನ್ನಿನ ಬೆವರು ಕಂಡಿತು. ನಮಗೋಸ್ಕರ ಈ ಬಿಸಿಲಲ್ಲಿ ಬೇಯುತ್ತಿದ್ದಾರಲ್ಲ ಎಂದು ಕರುಳು ಚುರ್ರೆಂದಿತು. ಇಂಥ ಸೆಕೆಯಲ್ಲಿ ಮನೆ ಮುಂದೆ ನೀರು ಚಿಮುಕಿಸಿ ಬೀದಿ ತಂಪು ಮಾಡುವುದು ಆ ಊರಿನಲ್ಲಿ ಬಂದವರಿಗೆ ತೋರಿಸುವ ಕನಿಷ್ಠ ಮರ್ಯಾದೆ. ನಲ್ಲಿ ತಾನೇ ಬಿಡಬಾರದು? ತೊಟ್ಟಿಯಲ್ಲಿ ತುಂಬಿಟ್ಟ ನೀರು ಬೇಕಾದಷ್ಟಿತ್ತು. ಅಜ್ಜಿ ಮರದ ಬಕೆಟ್ಟು, ಸೌಟು ಹಿಡಿದು ಹೊರಬಂದಳು. ಅವಳನ್ನು ಕಂಡು ಎದುರುಮನೆಯ ಮೀನಿನವಳು ಬಂದಳು, ಆಮೇಲೆ ಕ್ಷೌರದಂಗಡಿಯವನು. ನೋಡುನೋಡುತ್ತ ಓಣಿಯೆಲ್ಲ ಬಕೆಟ್ಟು ಹಿಡಿದು ನಿಂತಿತು. ಹಳೇ ಊರುಗಳ ಹಾಗೆ ಅಲ್ಲೂ ಬೀದಿಯ ನೀರು, ಬಚ್ಚಲ ನೀರು ಎರಡೂ ಸೇರುವುದು ಒಂದೇ ಕೊಳವೆಗೆ.

ಮುಳ್ಳು ಇಳಿಯತೊಡಗಿತು. ಚಿಗುಸಾ ತಲೆಯೆತ್ತಿದಳು. ನೀರಿನ ಎಳೆಗಳು ಇಳಿಜಾರಿನಲ್ಲಿ ಹರಿದು, ಬದಿಯ ಕಬ್ಬಿಣದ ಜಾಲರಿಗಳ ಕಡೆ ಹೊರಟಿದ್ದವು. ತಪ್ಪು ಯಾರದೆಂದು ಅವಳಿಗೆ ಆ ಕ್ಷಣವೇ ಹೊಳೆಯಿತು. ಮನೆಯೊಳಗಿನ ಒಂದೊಂದು ತೂತನ್ನೂ ಹೇಳಿದ್ದಳು, ಬೀದಿಯನ್ನು ಹೇಳಿರಲಿಲ್ಲ. ಅವಳೂ ಅದೇ ಊರಿನಲ್ಲಿ ಬಾಳಿದವಳು. ಬೀದಿಗೆ ನೀರು ಹಾಕುವುದನ್ನು ನೀರು ಬಳಸುವುದೆಂದು ಅವಳೂ ಯಾವತ್ತೂ ಎಣಿಸಿರಲಿಲ್ಲ. ಹಬೆ ನಿಲ್ಲಿಸಲೇ ಎಂದು ಒಗಿನೊ ಕೇಳಿದ. ನಿಲ್ಲಿಸಿದರೆ ಅರೆಬೆಂದ ಚೀಲ ಅಲ್ಲೇ ಕುಸಿಯುತ್ತದೆ. ಬೇಡವೆಂದು ಕೈಯಾಡಿಸಿ ಓಡಿದಳು.

ಓಡುತ್ತಲೇ ಅವಳ ಗಂಟಲಿನಿಂದ ಅವಳಿಗೇ ಗುರುತು ಸಿಗದ ದನಿಯೊಂದು ಹೊರಟಿತು.

"ಎಲ್ರೂ ನಿಲ್ಸಿ! ಒಂದು ಹನೀನೂ ಚೆಲ್ಬೇಡಿ. ಜಾಲರಿ ಮುಚ್ಚಿ, ಸಿಕ್ಕಿದ್ರಲ್ಲಿ ಮುಚ್ಚಿ!"

ಹೇಳಿ, ಹತ್ತಿರದ ಜಾಲರಿಯ ಮೇಲೆ ತಾನೇ ಕುಕ್ಕರಿಸಿ ಕೂತುಬಿಟ್ಟಳು. ನೀರು ಅವಳ ಸುತ್ತ ತಡೆದು ನಿಂತಿತು. ಕುಜುಮಿ ಮನೆಯ ಸೊಸೆಗೆ ಬಿಸಿಲು ತಲೆಗೇರಿದೆ ಎಂದು ಕ್ಷೌರದಂಗಡಿಯವನು ಬಾಯಿ ತೆರೆದಿದ್ದ. ಅಷ್ಟರಲ್ಲಿ ಮಸುಎ ಅಜ್ಜಿ ಬಕೆಟ್ಟು ಕೆಳಗಿಟ್ಟು, ಕೂರುವ ಮೆತ್ತೆ ತರಿಸಿ, ತನ್ನ ಬಾಗಿಲ ಮುಂದಿನ ಜಾಲರಿಯ ಮೇಲೆ ಹಾಕಿ ಅದರ ಮೇಲೆ ಕೂತಳು.

"ನಮ್ಮ ಮನೆ ಗೋಡೆಗೋಸ್ಕರ ಇವಳು ಕೂತಿದಾಳೆ. ನೀವೇನ್ ನಿಂತ್ಕೊಂಡು ನೋಡ್ತೀರಿ?"

ಮೀನಿನವಳು ಕೂತಳು, ಕ್ಷೌರದವನು ಟವೆಲ್ ರಾಶಿಯ ಮೇಲೆ ಕೂತ. ಉಳಿದದ್ದು ಕಟ್ಟಕಡೆಯ ಜಾಲರಿ, ತಪ್ಪಿಸಿಕೊಂಡ ನೀರೆಲ್ಲ ಸೇರಿ ಹರಿಯುತ್ತಿದ್ದ ಕಡೆ. ಅದರ ಪಕ್ಕದಲ್ಲಿ ಇದ್ದವನು ತೊಕುಜಿ ಒಬ್ಬನೇ.

ಚಿಗುಸಾ ದೂರದಿಂದ ಮಾವನನ್ನು ನೋಡಿದಳು. ಮುದುಕ ಏನೂ ಮಾಡಬೇಕಿರಲಿಲ್ಲ. ಕೈಕಟ್ಟಿ ಕೂತಲ್ಲೇ ಕೂತಿದ್ದರೆ ಸಾಕು, ಅವನು ಗೆದ್ದಂತೆ. ನೀರು ಅವನ ಬೂಟಿನ ತುದಿ ಮುಟ್ಟಿತು. ಅವನು ಅದನ್ನೇ ದಿಟ್ಟಿಸಿದ. ಬಾಳೆಲ್ಲ ಚರಂಡಿ ಕಟ್ಟಿದ ಮನುಷ್ಯ, ಕಣ್ಣೆದುರು ಒಂದು ಚರಂಡಿ ಹಾಳಾಗುವುದನ್ನು ನೋಡಿಕೊಂಡು ಕೂರಲು ಅವನಿಂದ ಆಗಲಿಲ್ಲ. ಬಾಯಲ್ಲಿ ಏನೋ ಬೈದುಕೊಳ್ಳುತ್ತ ಎದ್ದು, ಕುರ್ಚಿ ಒದ್ದು, ಜಾಲರಿಯ ಮೇಲೆ ದೊಪ್ಪೆಂದು ಕೂತು, ಎರಡೂ ಕಾಲು ಚಾಚಿ ನೀರಿಗೆ ಅಡ್ಡಗಟ್ಟಿದ.

"ನನ್ನ ಮುಖ ಏನ್ ನೋಡ್ತೀಯಾ? ಹೋಗು, ನಿನ್ನ ಹಬೆ ನೋಡ್ಕೋ."

ಓಣಿಯವರು ಒಂದು ಕೈಯಲ್ಲಿ ಬೀಸಣಿಗೆ, ಇನ್ನೊಂದರಲ್ಲಿ ತಣ್ಣನೆಯ ಬಾರ್ಲಿ ಚಹಾ ಹಿಡಿದು ಬೀದಿಯಲ್ಲಿ ಕೂತೇ ಇದ್ದರು. ಚಿಗುಸಾಳ ಜಾಲರಿಗೆ ಪಕ್ಕದ ಮನೆಯಿಂದ ಒಬ್ಬರು ಬಂದು ಅವಳನ್ನು ಎಬ್ಬಿಸಿ ತಾವು ಕೂತರು. ಮುಳ್ಳು ನಡುಗಿ, ನಿಂತು, ಮತ್ತೆ ಏರಿತು. ರಾಳ ಗಟ್ಟಿಯಾದ ಮೇಲೆ ಒಗಿನೊ ಕ್ಯಾಮೆರಾ ಇಳಿಸಿದ. ಪರದೆಯ ಮೇಲೆ ಹೊಸ ಕೊಳವೆ ಉದ್ದಕ್ಕೂ ನುಣ್ಣಗೆ ಹೊಳೆಯಿತು. ಅಜ್ಜಿಯ ಬಾಗಿಲ ಎದುರು ಮಾತ್ರ ಉಗುರಿನ ಗೀರಿನಂಥ ಒಂದು ಗೆರೆ, ಅದರಿಂದ ಏನೂ ಕೆಡುವುದಿಲ್ಲ. ಪುಟ್ಟ ಕತ್ತರಿ ಯಂತ್ರ ಒಳಗೆ ಹರಿದುಹೋಗಿ, ಚೀಲ ಮುಚ್ಚಿದ್ದ ಮನೆಗಳ ಕೊಳವೆಬಾಯಿಗಳನ್ನು ಒಂದೊಂದಾಗಿ ಕೊರೆದು ತೆರೆಯಿತು. ಮೊದಲು ತೆರೆದದ್ದು ಸ್ನಾನದಮನೆಯದು. ಅಜ್ಜಿ ದೊಡ್ಡ ತೊಟ್ಟಿಯ ಬಿರಡೆ ಎಳೆದಳು. ನೀರು ನೆಲದಡಿ ಭೋರೆಂದು ಓಡಿದ್ದು ಎಲ್ಲರ ಕಿವಿಗೂ ಬಿತ್ತು, ಓಣಿಯೇ ಚಪ್ಪಾಳೆ ತಟ್ಟಿತು. ಚಿಗುಸಾ ನಾಚಿಕೆ ಬಿಟ್ಟು ಅತ್ತಳು.

ತಪಾಸಣೆಗೆ ಬಂದ ನಗರಸಭೆಯವನು ಪರದೆಯನ್ನು ಕೊನೆಯವರೆಗೂ ನೋಡಿ ತಲೆದೂಗಿದ. ಆಮೇಲೆ ಇಷ್ಟು ವರ್ಷದ ರೂಢಿಯಂತೆ ನೆಟ್ಟಗೆ ತೊಕುಜಿಯ ಮುಂದೆ ಹೋಗಿ ನಿಂತು, ಶಾಲೆಯ ಹಿಂದಿನ ಕೊಳವೆಯನ್ನೂ ಹೀಗೇ ಮಾಡಿಕೊಡಲು ಆದೀತೇ ಎಂದು ವಿನಯದಿಂದ ಕೇಳಿದ.

ಓಣಿಯೆಲ್ಲ ಅಲ್ಲೇ ಇತ್ತು. ಮುದುಕನ ಪ್ಯಾಂಟಿನ ಹಿಂಭಾಗದಲ್ಲಿ ಜಾಲರಿಯ ಗೆರೆಗಳು ಕೆಸರಿನಲ್ಲಿ ಅಚ್ಚೊತ್ತಿದ್ದವು.

"ನನ್ನನ್ನೇನ್ ಕೇಳ್ತೀರಿ?" ಅಂದ ತೊಕುಜಿ. "ಮೇಸ್ತ್ರಿ ಅಲ್ಲಿ ನಿಂತಿದಾಳೆ, ಹೋಗಿ ಅವಳನ್ನ ಕೇಳಿ. ನಾನು ಇವತ್ತು ತೂತು ಮುಚ್ಕೊಂಡು ಕೂತಿದ್ದ ಆಳು."