ಗೌರಮ್ಮನವರು ಕೂತ ಬೆಂಚು

ಜಗಳೂರಿಗೆ ಬಂದ ಮೊದಲ ದಿನ ಒಗೆದು ಹರವಿದ ಸೀರೆ, ನಾನು ಚಹಾ ಕುಡಿದು ಬರುವಷ್ಟರಲ್ಲಿ ಹಪ್ಪಳದಂತೆ ಒಣಗಿತ್ತು. ನಂಬಲಾಗದೆ ಮತ್ತೆ ಮತ್ತೆ ಮುಟ್ಟಿ ನೋಡಿದೆ. ನಮ್ಮೂರು ಕುಂದಾಪುರದ ಮಳೆಗಾಲದಲ್ಲಿ ಒಲೆಯ ಮೇಲೆ ಹಗ್ಗ ಕಟ್ಟಿ ಹಾಕಿದರೂ ಬಟ್ಟೆಯ ಹಸಿ ವಾಸನೆ ಹೋಗುವುದಿಲ್ಲ. ಇಲ್ಲಿ ಗಾಳಿಗೇ ಬಾಯಾರಿಕೆ. ಬೆಳಗ್ಗೆ ಕಿಟಕಿ ತೆರೆದರೆ ಕಡಲಿನ ಬದಲು ಕುರಿಮಂದೆಯ ಸದ್ದು.

ಗಂಡನಿಗೆ ಇಲ್ಲಿಗೆ ವರ್ಗವಾಗಿತ್ತು. ನಮಗೆ ಮನೆ ಬಾಡಿಗೆಗೆ ಕೊಟ್ಟ ಗೌರಮ್ಮನವರು ಓಣಿಯ ಮಹಿಳಾ ಸಂಘದ ಅಧ್ಯಕ್ಷೆ. ಮೀನು, ಕುಚ್ಚಲಕ್ಕಿ ಗಂಜಿ ಇಲ್ಲದೆ ನನ್ನ ಮುಖ ಬಾಡಿದ್ದು ಕಂಡು ರೊಟ್ಟಿ, ಶೇಂಗಾ ಚಟ್ನಿ ತಂದುಕೊಡುತ್ತಿದ್ದರು.

"ಒಬ್ರೇ ಕುಂತು ಏನ್ ಮಾಡ್ತೀರಿ? ಸಂಜೆ ನಮ್ ಹೆಣ್ಮಕ್ಕಳಿಗೆ ಅಕ್ಷರ ಹೇಳ್ಕೊಡ್ರಿ" ಎಂದು ನನ್ನನ್ನು ವಯಸ್ಕರ ಸಾಕ್ಷರತಾ ತರಗತಿಗೆ ಎಳೆದೊಯ್ದವರೂ ಅವರೇ.

ಅದು ನಡೆಯುತ್ತಿದ್ದುದು ಹತ್ತಿರದ ಶಾಲೆಯ ಒಂದು ಕೋಣೆಯಲ್ಲಿ. ಮೆಕ್ಕೆಜೋಳದ ಹೊಲದಿಂದ ಬಂದು ಕೈಕಾಲು ತೊಳೆದ ಹೆಂಗಸರನ್ನು ಗೌರಮ್ಮ ಮನೆಮನೆಗೆ ಹೋಗಿ ಕರೆತರುತ್ತಿದ್ದರು. ತಪ್ಪಿಸಿಕೊಂಡವರನ್ನು ಬೈಯುತ್ತಿದ್ದರು. ತಾವು ಮಾತ್ರ ಬಾಗಿಲಲ್ಲೇ ನಿಲ್ಲುತ್ತಿದ್ದರು. ಯಾರಾದರೂ ಏನನ್ನಾದರೂ ಓದಿ ಹೇಳಲು ಕೇಳಿದರೆ, "ಕನ್ನಡಕ ತಂದಿಲ್ಲವ್ವಾ."

ಒಂದು ಮಧ್ಯಾಹ್ನ ನಮ್ಮ ಅಡುಗೆಮನೆಗೆ ಬಂದು ಬಾಗಿಲು ಮುಂದೆ ಮಾಡಿದರು.

"ನಂಗೂ ಓದಾಕೆ ಬರಂಗಿಲ್ರಿ. ಸಹಿ ಒಂದು ಹಾಕ್ತೀನಿ, ರಂಗೋಲಿ ಎಳ್ದಂಗೆ. ಸಂಘದೋರಿಗೆ ಗೊತ್ತಾದ್ರೆ ನನ್ ಮಾತು ಯಾರು ಕೇಳ್ತಾರೆ?"

ಅಂದಿನಿಂದ ಮಧ್ಯಾಹ್ನ ನಾವಿಬ್ಬರೇ. ಪರಾತದಲ್ಲಿ ಜೋಳದ ಹಿಟ್ಟು ಹರಡಿ ಅವರು ಬೆರಳಿನಿಂದ ಬರೆಯುತ್ತಿದ್ದರು. ಅದೇ ಹಿಟ್ಟು ಕಲಸಿ ನನಗೆ ರೊಟ್ಟಿ ಬಡಿಯಲು ಕಲಿಸುತ್ತಿದ್ದರು. "ನಿಮ್ ರೊಟ್ಟಿ, ನನ್ 'ಳ' ಎರಡೂ ಒಂದೇ ನಮೂನಿ ಆಗ್ಯಾವೆ" ಎಂದು ನಗುತ್ತಿದ್ದರು.

ಪರೀಕ್ಷೆಯ ದಿನ ಬಂತು. ಕೌದಿ ಹೊಲಿಯುವ ರಹಮತ್‌ಬಿ ಚೆನ್ನಾಗಿಯೇ ಓದುತ್ತಿದ್ದರು. ಆದರೆ ಪ್ರಶ್ನೆಪತ್ರಿಕೆ ಕೈಗೆ ಬಂದೊಡನೆ ಎದ್ದುಬಿಟ್ಟರು.

"ನಾ ಬರಿಯಲ್ಲ ಮೇಡಂ. ತಪ್ಪಾದ್ರೆ ಎಲ್ರೂ ನಗ್ತಾರೆ."

ಬಾಗಿಲಲ್ಲಿದ್ದ ಗೌರಮ್ಮ ತಡೆದರು. ರಹಮತ್‌ಬಿಯ ಕಣ್ಣು ತುಂಬಿತ್ತು. ಗೌರಮ್ಮ ಒಮ್ಮೆ ಇಡೀ ಕೋಣೆಯನ್ನು ನೋಡಿದರು. ಎಲ್ಲರೂ ಅವರ ಸಂಘದವರೇ. ಆಮೇಲೆ ಸೆರಗು ಸರಿಮಾಡಿಕೊಂಡು ಒಳಬಂದು ಬೆಂಚಿನ ಮೇಲೆ ಕೂತರು.

"ಮೇಡಂ, ನಂಗೂ ಒಂದು ಕೊಡ್ರಿ. ನಾನೂ ಈಗೀಗ ಕಲೀತಿದೀನಿ. ಬಾ ರಹಮತ್, ನಗೋದಾದ್ರೆ ಇಬ್ರನ್ನೂ ನೋಡಿ ನಗ್ಲಿ."

"ಅಕ್ಕಾ, ನೀವೂನಾ?" ಎಂದು ರಹಮತ್‌ಬಿ ಪಕ್ಕಕ್ಕೆ ಬಂದು ಕೂತರು. ಯಾರೂ ನಗಲಿಲ್ಲ.

ಇಬ್ಬರೂ ಪಾಸಾದರು. ಗೌರಮ್ಮ ಇಂದಿಗೂ ಅಧ್ಯಕ್ಷೆಯೇ. ಅವರು ಅಕ್ಷರ ಕೂಡಿಸಿ ಓದಿ ಮುಗಿಸುವವರೆಗೆ ಸಭೆ ತಾಳ್ಮೆಯಿಂದ ಕಾಯುತ್ತದೆ. ಆದರೆ ಪರೀಕ್ಷೆಯೊಂದಿಗೆ ಕಾರ್ಯಕ್ರಮವೂ ಮುಗಿಯಿತು, ಕೋಣೆಗೆ ಬೀಗ ಬಿತ್ತು. ಹೆಸರು ಬರೆಯಲು ಕಲಿತವರಿಗೆ ದಿನಪತ್ರಿಕೆ ಓದಲು ಇನ್ನೂ ಬರುವುದಿಲ್ಲ. "ಒತ್ತಕ್ಷರ ಕಂಡ್ರೆ ನಾಲಿಗೆ ತೊಡರ್ತೈತೆ. ಇಷ್ಟಕ್ಕೇ ಬಿಟ್ರೆ ಹೆಂಗೆ?" ಎಂದು ಎಲ್ಲರೂ ನಮ್ಮ ಜಗುಲಿಗೆ ಬಂದರು. ಈಗ ಅಲ್ಲೇ ಪಾಠ.

ಮೊನ್ನೆ ಗಂಡನಿಗೆ ಕರಾವಳಿಗೆ ಮರಳುವ ಅವಕಾಶ ಬಂತು. ಇಬ್ಬರೂ ಯೋಚಿಸಿ ಇನ್ನೊಂದು ವರ್ಷ ಇಲ್ಲೇ ಇರುವುದೆಂದು ತೀರ್ಮಾನಿಸಿದೆವು. ಅಮ್ಮನಿಗೆ ಫೋನಿನಲ್ಲಿ ಹೇಳಿದೆ.

"ನಿಂಗೆ ಊರ್ ನೆನಪ್ ಇತ್ತಾ ಇಲ್ಯಾ?" ಅಮ್ಮನ ದನಿ ಒದ್ದೆಯಾಗಿತ್ತು.

"ಐತಮ್ಮಾ" ಎಂದುಬಿಟ್ಟೆ, ಜಗಳೂರಿನವರಂತೆ.

ಆಚೆಯಿಂದ ಅಮ್ಮ ಗೊಳ್ಳೆಂದು ನಕ್ಕರು. ನಾನೂ ನಕ್ಕೆ.