ಕಾಲುವೆಯಾಚೆಯ ರಾಕ್ಷಸ

ವಳಕಮದಿನ್ನಿಯ ಪುಟಾಣಿಗಳಿಗೆ ಹೊಳೆ ಎಂದರೇನೆಂದು ತಿಳಿಸುವುದೇ ಸುರೇಖಾಳಿಗೆ ಕಷ್ಟವಾಗಿತ್ತು. ಅವು ದಿನಾ ಕಂಡದ್ದು ಕಾಲುವೆಯನ್ನು. ಅದಕ್ಕೇ ಚಿತ್ರಪುಸ್ತಕದ ಹೊಳೆಯ ಮೇಲೆ ಬೆರಳಿಟ್ಟು, "ಇದು ನಮ್ಮ ಕಾಲುವಿ ಅಂತ ತಿಳ್ಕೋರಿ. ಆಚಿ ದಂಡಿ ಪಂಪಿನ ಮನ್ಯಾಗ ರಾಕ್ಷಸ ಅದಾನ" ಎಂದುಬಿಟ್ಟಳು. ಮಕ್ಕಳ ಕಣ್ಣು ಇಷ್ಟಗಲವಾದವು. ಆ ಖುಷಿಯಲ್ಲಿ ಮುಂದಿನದನ್ನು ಯೋಚಿಸುವ ವ್ಯವಧಾನ ಯಾರಿಗಿತ್ತು?

ಆಕೆ ಮಸ್ಕಿಯವಳು. ದಿನಾ ಬಸ್ಸಿನಲ್ಲಿ ಬಂದು ಪಂಚಾಯಿತಿ ಗ್ರಂಥಾಲಯದ ಬಾಗಿಲು ತೆರೆಯುವವಳು. ಸಂಜೆ ಜಮಖಾನೆ ಹಾಸಿ, ಚಿತ್ರ ತೋರಿಸಿ, "ನೀ ಯಾರು? ಈಗ ಏನು ಮಾಡ್ತಿ?" ಎಂದು ಕೇಳುವುದು ಅವಳ ಆಟ. ಮಕ್ಕಳಲ್ಲೇ ಒಬ್ಬ ಮಾಂತ್ರಿಕ, ಒಬ್ಬ ಕಳ್ಳ, ಒಬ್ಬಳು ವೀರೆ. ಅಂದುಕೊಂಡದ್ದು ನಡೆಯುತ್ತದೋ ಇಲ್ಲವೋ, ದಾಳ ಹೇಳಬೇಕು. ದಾಳ ಕಂಡ ದಿನವೇ ಪೇಪರ್ ಓದುತ್ತಿದ್ದ ಅಮರಗುಂಡಪ್ಪನವರು ಹುಬ್ಬೇರಿಸಿದರು. "ಸಣ್ಣ ಮಕ್ಕಳಿಗೆ ಜೂಜು ಕಲಸಾಕತ್ತೀಯೇನವಾ?"

ಆಗ ಆಟಕ್ಕೆ ಬರುತ್ತಿದ್ದ ದೀಪಾಳ ಅಜ್ಜಿ ಪಾರ್ವತೆಮ್ಮ ದಾಳದ ಬದಲು ತಮ್ಮ ಕವಡೆ ಚೀಲ ಕಳಿಸಿಕೊಟ್ಟರು. ಕವಡೆಗೆ ಯಾರದೂ ತಕರಾರಿಲ್ಲ. ನಮ್ಮ ಜನ ಹಾಗೇ, ಅಜ್ಜಿಯ ಚೀಲದಿಂದ ಬಂದದ್ದೆಲ್ಲ ಮಡಿ. ಆಟ ಮುಗಿದ ಮೇಲೆ ಚೀಲ ದೀಪಾಳ ಜೊತೆ ಮನೆಗೆ ಹೋಗುತ್ತಿತ್ತು.

ಹೊಳೆಯನ್ನು ಕಾಲುವೆ ಮಾಡಿದ ಅವತ್ತು ಆರು ವರ್ಷದ ವೀರೆ ದೀಪಾ ರಾಕ್ಷಸನನ್ನು ಕೊಲ್ಲಲು ಹೊಳೆಯ ದಂಡೆಗೆ ಬಂದು ನಿಂತಿದ್ದಳು. ಐದು ಕವಡೆಯಲ್ಲಿ ನಾಲ್ಕು ಅಂಗಾತ ಬಿದ್ದರೆ ದಾಟಬಹುದು. ಅಷ್ಟರಲ್ಲಿ ಬಸ್ಸಿನ ಹೊತ್ತಾಯಿತು. "ಉಳಿದದ್ದು ನಾಳಿಗಿ" ಎಂದು ಸುರೇಖಾ ಎದ್ದಳು.

ಮರುದಿನ ದೀಪಾಳ ಜಾಗ ಖಾಲಿಯಿತ್ತು. ಸ್ವಲ್ಪ ಹೊತ್ತಿಗೆ ಪಾರ್ವತೆಮ್ಮ ಬಾಗಿಲಿಗೆ ಬಂದರು. "ನಮ್ಮ ದೀಪಾ ಇಲ್ಲಿ ಬಂದಾಳೇನವಾ? ಸಾಲಿ ಬಿಟ್ಟಕೂಡ್ಲೇ ಕವಡಿ ತಗೊಂಡು ಹೋಗ್ಯಾಳ."

"ರಾಕ್ಷಸನ ಹತ್ರ ಹೋಗ್ಯಾಳ್ರೀ," ಎಂದ ಮಾಂತ್ರಿಕ ಪವನ, ಪುಸ್ತಕದಿಂದ ತಲೆ ಎತ್ತದೆ.

ಸುರೇಖಾ ಚಪ್ಪಲಿಯನ್ನೂ ಮೆಟ್ಟದೆ ಓಡಿದಳು. ಭತ್ತಕ್ಕೆ ನೀರು ಬಿಟ್ಟಿದ್ದರು, ಕಾಲುವೆ ದಡ ಮುಟ್ಟಿ ಹರಿಯುತ್ತಿತ್ತು. ಗದ್ದೆಯಲ್ಲಿದ್ದ ಗದ್ದೆಪ್ಪನನ್ನು ಕೇಳಿದಳು. ಅವನು ಯಾವ ಹುಡುಗಿಯನ್ನೂ ಕಂಡಿರಲಿಲ್ಲ. ಪುಸ್ತಕದ ಹೊಳೆಯನ್ನು ಹೊಳೆಯಾಗಿಯೇ ಬಿಟ್ಟಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದು ತನ್ನನ್ನೇ ಬೈದುಕೊಂಡಳು.

ಬಟ್ಟೆ ಒಗೆಯುವ ಮೆಟ್ಟಿಲುಗಳ ಕೊನೆಯದರಲ್ಲಿ ದೀಪಾ ಕುಳಿತಿದ್ದಳು. ಪಾದದ ಕೆಳಗೇ ನೀರು. ಕೂಗಲು ಬಾಯಿ ತೆರೆದ ಸುರೇಖಾ ತುಟಿ ಕಚ್ಚಿಕೊಂಡಳು. ಹುಡುಗಿ ಬೆಚ್ಚಿ ಎದ್ದರೆ ಮುಗಿಯಿತು. ಪಾಚಿಯ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದು ಅವಳ ರಟ್ಟೆಯನ್ನು ಗಟ್ಟಿಯಾಗಿ ಹಿಡಿದಳು.

"ಬೀಳವಲ್ವು ಟೀಚರ್," ಎಂದಳು ದೀಪಾ ಬೇಜಾರಿನಿಂದ. "ಆಗಿಂದ ಹಾಕಾಕತ್ತೀನಿ. ಎಲ್ಡು ಬೀಳ್ತಾವ, ಮೂರು ಬೀಳ್ತಾವ. ನಾಕು ಬಿದ್ದಿದ್ರ ಹೋಗೇಬಿಡ್ತಿದ್ದೆ."

ಸುರೇಖಾ ಅವಳನ್ನು ದಂಡೆಯ ಮೇಲಕ್ಕೆ ಎತ್ತಿ ತಂದಳು. ಪಾರ್ವತೆಮ್ಮ ಏದುಸಿರು ಬಿಡುತ್ತ ಬಂದು ಅಲ್ಲೇ ಕುಸಿದು ಕುಳಿತರು. ಸುರೇಖಾ ಬೈಗುಳಕ್ಕೆ ಕಾಯ್ದಳು. ಅವರು ಮೊಮ್ಮಗಳ ಕಾಲಿಗಂಟಿದ ಪಾಚಿಯನ್ನು ಸೆರಗಿನಿಂದ ಒರೆಸತೊಡಗಿದರು. ಅಷ್ಟರಲ್ಲಿ ದೀಪಾ ಮುಷ್ಟಿ ಬಿಚ್ಚಿ ಕವಡೆಗಳನ್ನು ಮಣ್ಣಿನ ಮೇಲೆ ಇನ್ನೊಮ್ಮೆ ಚೆಲ್ಲಿದಳು.

ಒಂದು ಬೋರಲು, ನಾಲ್ಕು ಅಂಗಾತ.

"ಬಿದ್ವು," ಎಂದು ಎದ್ದು ಕಾಲುವೆಯ ಕಡೆ ತಿರುಗಿದಳು. "ಈಗ ದಾಟಬೌದಲ್ಲ ಟೀಚರ್?"

ಸುರೇಖಾ ಹುಡುಗಿಯ ಫ್ರಾಕನ್ನು ಹಿಂದಿನಿಂದ ಹಿಡಿದೇ ಇದ್ದಳು.

"ದಾಟೂದು ಬ್ಯಾಡ ದೀಪಾ. ರಾಕ್ಷಸ ಸತ್ತಾನ."

"ಯಾರು ಕೊಂದ್ರು?"

"ನಾನ."

"ಅದು ನನ್ನ ಪಾಳಿ ಇತ್ತು," ಎಂದು ದೀಪಾ ನೆಲಕ್ಕೆ ಕಾಲು ಅಪ್ಪಳಿಸಿ ಅಳತೊಡಗಿದಳು. ಸುರೇಖಾಳಿಗೂ ಅಳು ತಡೆಯಲಾಗಲಿಲ್ಲ, ಆದರೂ ಫ್ರಾಕನ್ನು ಬಿಡಲಿಲ್ಲ.